ಇಂದಿನ ಚಿಂತನೆ: ಚೀನಾದ ಬಾನ್ ಜಾವೋ



ಥೇರಿಯರ ಬದುಕಿನ ಕಥೆಗಳನ್ನು ನಾವು ಓದುತ್ತಿದ್ದಾಗ ಗುಂಪಿನ ಹಿರಿಯರೊಬ್ಬರು ಒಂದು ಪ್ರಶ್ನೆ ಹಾಕಿದ್ದರು. ಬುದ್ಧನ ಮಾತು ಚೀನಾಕ್ಕೆ ಹೋಗಿ ಮುಟ್ಟಿದ ಕಾಲದಲ್ಲಿ ಅಲ್ಲಿನ ಹೆಣ್ಣುಮಕ್ಕಳ ಪಾಡು ಹೇಗಿತ್ತು, ಅವರಿಗೆ ಅಕ್ಷರ ದಕ್ಕಿತ್ತೇ ಎಂದು ಕೇಳಿದ್ದರು. ಇವತ್ತು ಬರೆಯುವ ಸರದಿ ನನ್ನದು. ಅಷ್ಟು ದೊಡ್ಡ ದೇಶದ ಅಷ್ಟೂ ಹೆಂಗಸರ ಬಗ್ಗೆ ಒಂದೇ ಉಸಿರಿನಲ್ಲಿ ಹೇಳುವುದು ಆಗದ ಕೆಲಸ. ಹಾಗಾಗಿ ಒಬ್ಬಳ ಬದುಕನ್ನು ಮಾತ್ರ ಹೇಳುತ್ತೇನೆ. ಆಕೆಯ ಹೆಸರು ಬಾನ್ ಜಾವೋ. ಚೀನಾದ ಮೊದಲ ಇತಿಹಾಸಕಾರ್ತಿ ಎಂದು ಹೆಸರಾದವಳು. ಹೆಣ್ಣುಮಕ್ಕಳಿಗೆ ಅಕ್ಷರ ಕೊಡಿ ಎಂದು ಕೇಳಿದವಳೂ ಅವಳೇ, ತಗ್ಗಿ ನಡೆಯಿರಿ ಎಂದು ಅವರಿಗೆ ಬುದ್ಧಿ ಹೇಳಿದವಳೂ ಅವಳೇ.

ಮೊದಲು ಕಾಲದ ಮಾತು. ಹಾನ್ ಅರಸರ ಚೀನಾದಲ್ಲಿ ಗಂಡಿಗೆ ನೇಗಿಲು, ಹೆಣ್ಣಿಗೆ ಮಗ್ಗ ಎಂಬುದು ಲೋಕರೂಢಿ. ರೇಷ್ಮೆಹುಳು ಸಾಕುವುದು, ನೂಲು ತೆಗೆಯುವುದು, ಬಟ್ಟೆ ನೇಯುವುದು ಹೆಂಗಸರ ಪಾಲಿನ ದುಡಿಮೆ. ಆ ರೇಷ್ಮೆಯನ್ನೇ ಕೊಟ್ಟು ರಾಜ್ಯವು ಗಡಿಯಾಚೆಯವರಿಂದ ಕುದುರೆಗಳನ್ನು ತರಿಸುತ್ತಿತ್ತು, ಎಷ್ಟೋ ಸಲ ಶಾಂತಿಯನ್ನೂ ಕೊಳ್ಳುತ್ತಿತ್ತು. ಆದರೂ ಹೆಣ್ಣು ಚಿಕ್ಕಂದಿನಲ್ಲಿ ತಂದೆಯ, ಮದುವೆಯಾದ ಮೇಲೆ ಗಂಡನ, ಗಂಡ ತೀರಿಕೊಂಡ ಮೇಲೆ ಮಗನ ಮಾತು ಕೇಳಿ ನಡೆಯಬೇಕೆಂದು ಹಳೆಯ ಆಚಾರಗ್ರಂಥಗಳು ವಿಧಿಸಿದ್ದವು. ಈ ಮಾತು ನಮ್ಮ ಕಿವಿಗೂ ಹೊಸದಲ್ಲ. ಚೀನಾದ ಹೆಂಗಸರೆಂದರೆ ನಮಗೆ ತಟ್ಟನೆ ನೆನಪಾಗುವ ಪಾದ ಕಟ್ಟುವ ಪದ್ಧತಿ ಮಾತ್ರ ಆಗ ಇರಲಿಲ್ಲ. ಅದು ಬಂದದ್ದು ಎಂಟು ಒಂಬತ್ತು ಶತಮಾನಗಳಾದ ಮೇಲೆ. ವಿಧವೆಯರು ಮತ್ತೆ ಮದುವೆಯಾಗುವುದೂ ಆ ಕಾಲದಲ್ಲಿ ನಡೆಯುತ್ತಿತ್ತು.

ಬಾನ್ ಜಾವೋ ಹುಟ್ಟಿದ್ದು ಕ್ರಿ.ಶ. 45ರ ಆಸುಪಾಸಿನಲ್ಲಿ, ಇಂದಿನ ಶಾನ್ಸಿ ಪ್ರಾಂತ್ಯದ ಆನ್‌ಲಿಂಗ್ ಎಂಬಲ್ಲಿ. ಅದು ಪುಸ್ತಕಗಳ ಮನೆ. ತಂದೆ ಬಾನ್ ಬಿಯಾವೋ ಇತಿಹಾಸ ಬರೆಯಲು ತೊಡಗಿ, ಮುಗಿಸುವ ಮುಂಚೆ ಕ್ರಿ.ಶ. 54ರಲ್ಲಿ ತೀರಿಕೊಂಡ. ಇಬ್ಬರು ಅಣ್ಣಂದಿರು. ಬಾನ್ ಗು ತಂದೆಯ ಲೇಖನಿ ಹಿಡಿದ. ಬಾನ್ ಚಾವೋ ಲೇಖನಿ ಬಿಟ್ಟು ಕತ್ತಿ ಹಿಡಿದು ಪಶ್ಚಿಮದ ಮರಳುಗಾಡಿನ ರಾಜ್ಯಗಳ ಕಡೆಗೆ ಹೋದ. ಅಣ್ಣ ಚಾವೋ, ತಂಗಿ ಜಾವೋ. ಹೆಸರು ಹತ್ತಿರವಾದ್ದರಿಂದ ಇಷ್ಟು ನೆನಪಿಡಿ. ಇದೇ ವಂಶದಲ್ಲಿ ಎರಡು ತಲೆಮಾರು ಹಿಂದೆ ಒಬ್ಬ ಅಜ್ಜಿಯಿದ್ದಳು. ಚೆಂಗ್ ಚಕ್ರವರ್ತಿಯ ಅಂತಃಪುರದಲ್ಲಿದ್ದ ಆಕೆ ಒಳ್ಳೆಯ ಕವಿ, ವಿದುಷಿ. ಹೊಸ ಮುಖಗಳು ಬಂದಮೇಲೆ ಚಕ್ರವರ್ತಿ ಆಕೆಯನ್ನು ಮರೆತ. ಓದು ಬಲ್ಲ ಹೆಣ್ಣಿನ ಹೆಮ್ಮೆ, ಅರಮನೆಯ ಪ್ರೀತಿಯನ್ನು ನಂಬಿದ ಹೆಣ್ಣಿನ ಗತಿ, ಎರಡೂ ಬಾನ್ ಜಾವೋಗೆ ಮನೆಯ ಮಾತಾಗಿಯೇ ತಿಳಿದಿರಬೇಕು.

14ನೇ ವಯಸ್ಸಿನಲ್ಲಿ ಆಕೆಗೆ ತ್ಸಾವೋ ಎಂಬ ಮನೆತನಕ್ಕೆ ಮದುವೆಯಾಯಿತು. ಚೀನಾದಲ್ಲಿ ಹುಟ್ಟುವಾಗಲೇ ಒಂದು ವರ್ಷ ಎಂದು ಎಣಿಸುವುದರಿಂದ ನಮ್ಮ ಲೆಕ್ಕದಲ್ಲಿ ಇನ್ನೂ ಚಿಕ್ಕವಳು. ಮಕ್ಕಳಾದವು, ಗಂಡ ಬೇಗ ತೀರಿಕೊಂಡ. ಆಕೆ ಮತ್ತೆ ಮದುವೆಯಾಗಲಿಲ್ಲ. ಮಕ್ಕಳನ್ನು ಸಾಕಿದಳು, ಓದಿದಳು, ಬರೆದಳು.

ಕ್ರಿ.ಶ. 92ರಲ್ಲಿ ಮನೆಯ ಮೇಲೆ ಸಿಡಿಲು ಬಿತ್ತು. ಆ ಹೊತ್ತಿಗೆ ಬಾನ್ ಗು ದೌ ಷಿಯಾನ್ ಎಂಬ ಪ್ರಬಲ ಸೇನಾಪತಿಯ ಆಶ್ರಯದಲ್ಲಿದ್ದ. ದೌ ಮನೆತನ ಅಧಿಕಾರ ಕಳೆದುಕೊಂಡಾಗ ಅವರ ಕಡೆಯವರನ್ನೆಲ್ಲ ಹಿಡಿದರು. ಇತಿಹಾಸಕಾರನೂ ಸೆರೆಮನೆ ಸೇರಿ ಅಲ್ಲಿಯೇ ಸತ್ತ. ಅವನು ಬರೆಯುತ್ತಿದ್ದ 'ಹಾನ್ ಶು', ಅಂದರೆ ಹಾನ್ ವಂಶದ ಇತಿಹಾಸ, ಅರ್ಧದಲ್ಲಿ ನಿಂತಿತು. ಕ್ರಿ.ಪೂ. 206ರಿಂದ ಕ್ರಿ.ಶ. 23ರವರೆಗಿನ ಸುಮಾರು 230 ವರ್ಷಗಳ ಕಥೆಯನ್ನು 100 ಅಧ್ಯಾಯಗಳಲ್ಲಿ ಹೇಳುವ ಗ್ರಂಥ ಅದು. ಎಂಟು ಕೋಷ್ಟಕಗಳೂ ಖಗೋಳದ ಅಧ್ಯಾಯವೂ ಬಾಕಿಯಿದ್ದವು. ಆಗಿನ ಚಕ್ರವರ್ತಿ ಹೆ ಆ ಕೆಲಸ ಮುಗಿಸಲು ಹೇಳಿ ಕಳಿಸಿದ್ದು ಸತ್ತವನ ತಂಗಿಗೆ. ರಾಜಧಾನಿ ಲುವೋಯಾಂಗ್‌ನ ಅರಮನೆಯ ಗ್ರಂಥಾಲಯದ ಬಾಗಿಲು ಒಬ್ಬ ವಿಧವೆಗೆ ಹೀಗೆ ತೆರೆಯಿತು.

ಕೋಷ್ಟಕ ಎಂದರೆ ಹಗುರವಾಗಿ ಎಣಿಸಬೇಡಿ. ಯಾವ ಅರಸ, ಯಾವ ಸಾಮಂತ, ಯಾವ ಮಂತ್ರಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಅವನ ನಂತರ ಯಾರು ಎಂದೆಲ್ಲ ನೂರಾರು ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿ ಕೂರಿಸಬೇಕು. ವರ್ಷದ ಕೊನೆಯಲ್ಲಿ ಐದು ತರಗತಿಗಳ ಅಂಕಪಟ್ಟಿ ಸರಿಮಾಡಿ ಕೂಡಿಸಿದವರಿಗೆ ಆ ಕಷ್ಟದ ಒಂದು ಹನಿಯಾದರೂ ಗೊತ್ತಾದೀತು. ಓದುವವರು ಅದನ್ನು ದಾಟಿಕೊಂಡು ಹೋಗುತ್ತಾರೆ. ಆದರೆ ಅದಿಲ್ಲದೆ ಇತಿಹಾಸ ನಿಲ್ಲುವುದಿಲ್ಲ. ಖಗೋಳದ ಅಧ್ಯಾಯಕ್ಕೆ ಮಾ ಶು ಎಂಬ ವಿದ್ವಾಂಸನೂ ಕೈಗೂಡಿಸಿದ. ಗ್ರಂಥ ಹೊರಬಂದಾಗ ಅದರ ಹಳೆಯ ಶೈಲಿ ಅನೇಕರಿಗೆ ತಿಳಿಯಲಿಲ್ಲ. ಮುಂದೆ ಮಹಾಪಂಡಿತನೆನಿಸಿದ ಮಾ ರೋಂಗ್ ಗ್ರಂಥಾಲಯದ ಮಾಳಿಗೆಯ ಕೆಳಗೆ ತಲೆಬಾಗಿ ಕುಳಿತು ಅದನ್ನು ಆಕೆಯಿಂದಲೇ ಪಾಠ ಹೇಳಿಸಿಕೊಂಡ. ಗಂಡಸಿನ ಎದುರು ಹೆಣ್ಣು ತಗ್ಗಬೇಕೆಂದು ಬರೆಯಲಿದ್ದವಳ ಎದುರು ಒಬ್ಬ ಗಂಡಸು ಶಿಷ್ಯನಾಗಿ ತಗ್ಗಿದ ಈ ಚಿತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಚಕ್ರವರ್ತಿ ಆಕೆಯನ್ನು ಅಂತಃಪುರಕ್ಕೂ ಕರೆಸಿ ರಾಣಿಯರಿಗೆ ಗುರುವಾಗಿ ನೇಮಿಸಿದ. ಎಲ್ಲರೂ ಆಕೆಯನ್ನು ಗೌರವದಿಂದ 'ದಾಗು' ಎಂದು ಕರೆಯುತ್ತಿದ್ದರು. ನಮ್ಮಲ್ಲಿ 'ದೊಡ್ಡಮ್ಮನವರು' ಎಂದ ಹಾಗೆ. ದೂರದೇಶಗಳಿಂದ ಅಪರೂಪದ ಕಾಣಿಕೆ ಬಂದರೆ ಅದರ ಮೇಲೆ ಪದ್ಯ ಕಟ್ಟಲು ಆಕೆಗೆ ಹೇಳುತ್ತಿದ್ದರು. ಒಮ್ಮೆ ಅಣ್ಣ ಬಾನ್ ಚಾವೋನ ಕಡೆಯಿಂದ ಒಂದು ದೈತ್ಯ ಹಕ್ಕಿ ಬಂತು. ಅದು ಉಷ್ಟ್ರಪಕ್ಷಿ ಎಂದು ತಿಳಿದವರು ಹೇಳುತ್ತಾರೆ. ಅದರ ಮೇಲೂ ತಂಗಿ ಪದ್ಯ ಬರೆದಳು.

ಹಕ್ಕಿ ಊರಿಗೆ ಬಂತು, ಅಣ್ಣ ಬರಲಿಲ್ಲ. 30 ವರ್ಷ ಪರದೇಶದಲ್ಲಿ ಕಳೆದು ಹಣ್ಣಾಗಿದ್ದ ಬಾನ್ ಚಾವೋ, ಸಾಯುವ ಮೊದಲು ತಾಯ್ನೆಲಕ್ಕೆ ಬರಲು ಅಪ್ಪಣೆ ಕೇಳಿ ಬರೆದ. ಉತ್ತರವಿಲ್ಲ. ಕೊನೆಗೆ ತಂಗಿಯೇ ಚಕ್ರವರ್ತಿಗೆ ಬಿನ್ನಹ ಬರೆದಳು. ಅಣ್ಣನ ಮುಪ್ಪನ್ನೂ, ಅವನ ದುರ್ಬಲವಾದ ಕೈಕಾಲುಗಳನ್ನೂ, ಒಂದು ವೇಳೆ ಅಲ್ಲಿ ದಂಗೆಯಾದರೆ ರಾಜ್ಯಕ್ಕೆ ಆಗಬಹುದಾದ ನಷ್ಟವನ್ನೂ ಒಂದಾದ ಮೇಲೊಂದು ಮುಂದಿಟ್ಟಳು. ಚಕ್ರವರ್ತಿಯ ಮನಸ್ಸು ಕರಗಿತು. ಬಾನ್ ಚಾವೋ ಕ್ರಿ.ಶ. 102ರಲ್ಲಿ ಲುವೋಯಾಂಗ್‌ಗೆ ಬಂದು ತಲುಪಿ, ಮರುತಿಂಗಳೇ ಪ್ರಾಣ ಬಿಟ್ಟ. ಹೊರಗಿನ ವ್ಯವಹಾರ ಗಂಡಸಿನದು ಎಂದು ನಂಬಿದ್ದ ಆ ಸಮಾಜದಲ್ಲಿ ಒಬ್ಬ ದಂಡನಾಯಕನನ್ನು ಊರಿಗೆ ಕರೆತಂದದ್ದು ತಂಗಿಯ ಕಾಗದ.

ಆಕೆಯ ಶಿಷ್ಯೆಯರಲ್ಲಿ ಒಬ್ಬಳು ಡೆಂಗ್ ಸುಯ್. ಈ ಹುಡುಗಿ 6ನೇ ವಯಸ್ಸಿಗೇ ಇತಿಹಾಸದ ಪುಸ್ತಕ ಓದುತ್ತಿದ್ದಳಂತೆ. ಹೊಲಿಗೆ ಕಲಿಯದೆ ಓದುತ್ತ ಕೂರುತ್ತೀಯಲ್ಲ, ಪಂಡಿತನಾಗಿ ನೌಕರಿ ಹಿಡಿಯುತ್ತೀಯಾ ಎಂದು ತಾಯಿ ಗದರಿದಳು. ಮಗಳು ತಾಯಿಯ ಮಾತನ್ನೂ ಮೀರಲಿಲ್ಲ, ಓದನ್ನೂ ಬಿಡಲಿಲ್ಲ. ಹಗಲು ಹೆಂಗಸರ ಕೆಲಸ, ರಾತ್ರಿ ಪುಸ್ತಕ. ಅರಮನೆ ಸೇರಿದ ಮೇಲೆ ಬಾನ್ ಜಾವೋ ಬಳಿ ಶಾಸ್ತ್ರಗ್ರಂಥಗಳನ್ನೂ ಖಗೋಳವನ್ನೂ ಗಣಿತವನ್ನೂ ಕಲಿತಳು. 102ರಲ್ಲಿ ಪಟ್ಟದರಾಣಿಯಾದಳು. 106ರಲ್ಲಿ ಚಕ್ರವರ್ತಿ ತೀರಿಕೊಂಡ ಮೇಲೆ ಎಳೆಯ ಅರಸರ ಪರವಾಗಿ ತಾನೇ 15 ವರ್ಷ ರಾಜ್ಯ ನಡೆಸಿದಳು. ರಾಜ್ಯದ ಕಷ್ಟದ ವಿಷಯಗಳಲ್ಲಿ ಗುರುವಿನ ಸಲಹೆ ಕೇಳುತ್ತಿದ್ದಳು.

ಇಂಥ ಬಾನ್ ಜಾವೋ 50 ದಾಟಿದ ಮೇಲೆ, ಕಾಯಿಲೆಯಿಂದ ಮಲಗಿದ್ದಾಗ, ಮನೆಯ ಹೆಣ್ಣುಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ ಬರೆದಳು. ಏಳು ಅಧ್ಯಾಯಗಳ ಆ ಪುಸ್ತಕದ ಹೆಸರು 'ನ್ಯೂ ಜಿಯೆ', ಹೆಣ್ಣುಮಕ್ಕಳಿಗೆ ಬುದ್ಧಿಮಾತು. ಆಕೆಯ ಹೆಸರು ಇಂದಿಗೂ ಉಳಿದದ್ದು, ಇಂದಿಗೂ ಆಕೆ ಬೈಗುಳ ತಿನ್ನುವುದು, ಹೆಚ್ಚಾಗಿ ಈ ಪುಸ್ತಕದಿಂದ.

ಹೆಣ್ಣು ಹುಟ್ಟಿದ ಮೂರನೆಯ ದಿನ ಮಗುವನ್ನು ಮಂಚದ ಕೆಳಗೆ ಮಲಗಿಸಿ, ಆಡಲು ನೂಲುವ ಕದಿರಿನ ಬಿಲ್ಲೆ ಕೊಟ್ಟು, ಪಿತೃಗಳಿಗೆ ಸುದ್ದಿ ಅರುಹುವ ಹಳೆಯ ಪದ್ಧತಿಯಿಂದ ಪುಸ್ತಕ ಶುರುವಾಗುತ್ತದೆ. ಮಂಚದ ಕೆಳಗೆ ಮಲಗಿಸುವುದು ತಗ್ಗಿ ನಡೆಯಬೇಕೆಂದು ಕಲಿಸಲು, ಬಿಲ್ಲೆ ದುಡಿಯಬೇಕೆಂದು ಕಲಿಸಲು ಎಂದು ಆಕೆ ಬಿಡಿಸಿ ಹೇಳುತ್ತಾಳೆ. ತಡವಾಗಿ ಮಲಗಿ ಬೇಗ ಏಳಬೇಕು. ನಿಂದೆ ಬಂದರೆ ನುಂಗಿಕೊಳ್ಳಬೇಕು. ಅತ್ತೆ ಹೇಳಿದ್ದು ತಪ್ಪಾದರೂ ವಾದ ಮಾಡಬಾರದು. ಗಂಡ ಮತ್ತೊಂದು ಮದುವೆಯಾಗಬಹುದು, ಹೆಂಡತಿಗೆ ಆ ದಾರಿಯಿಲ್ಲ. ಮೈದುನ, ನಾದಿನಿಯರ ಮನಸ್ಸು ಗೆಲ್ಲಬೇಕು. ಓದುತ್ತ ಹೋದರೆ ಉಸಿರು ಕಟ್ಟುತ್ತದೆ.

ಆದರೆ ಎರಡನೆಯ ಅಧ್ಯಾಯದಲ್ಲಿ, ಗಂಡ ಹೆಂಡಿರ ಮಾತು ಬಂದಾಗ, ಆಕೆ ಸದ್ದಿಲ್ಲದೆ ಇನ್ನೊಂದು ವಿಷಯ ಎತ್ತುತ್ತಾಳೆ. ದೊಡ್ಡವರು ಗಂಡುಮಕ್ಕಳನ್ನಷ್ಟೇ ಓದಿಸುತ್ತಾರೆ, ಹೆಣ್ಣುಮಕ್ಕಳನ್ನು ಹಾಗೆಯೇ ಬಿಡುತ್ತಾರೆ, ಇದು ಅರೆಬರೆ ಕೆಲಸವಲ್ಲವೇ ಎಂಬುದು ಆಕೆಯ ವಾದ. ಆಚಾರಗ್ರಂಥದ ಪ್ರಕಾರ ಹುಡುಗರು 8ಕ್ಕೆ ಓದು ಶುರುಮಾಡಿ 15ಕ್ಕೆ ಮುಂದಿನ ವಿದ್ಯೆಗೆ ಸಿದ್ಧರಾಗುತ್ತಾರೆ. ಹುಡುಗಿಯರಿಗೂ ಅದೇ ಕ್ರಮ ಏಕಾಗಬಾರದು ಎಂದು ಆಕೆ ಕೇಳಿದಳು. ಹೊಸದೊಂದನ್ನು ಕೇಳುತ್ತಿದ್ದೇನೆ ಎಂಬ ಸುಳಿವೂ ಕೊಡದೆ, ಹಿರಿಯರ ಗ್ರಂಥವನ್ನೇ ಹಿರಿಯರ ಮುಂದೆ ಹಿಡಿದು ಕೇಳಿದಳು.

ನಮ್ಮ ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ' ಓದಿದವರಿಗೆ ಈ ಬಗೆ ಚೆನ್ನಾಗಿ ಗೊತ್ತು. ಮೈಸೂರಿನ ಅರಮನೆಯಲ್ಲಿ ಕೂತು ಪತಿವ್ರತೆಯ ಧರ್ಮ ಹೇಳಲು ಹೊರಟವಳು ನಡುವೆ ಹೆಣ್ಣನ್ನು ಕೀಳಾಗಿ ಕಾಣುವವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾಳೆ. ಒಪ್ಪಿತವಾದ ಮಾತಿನ ಸೆರಗಿನಲ್ಲಿ ಒಪ್ಪದ ಮಾತನ್ನು ಕಟ್ಟಿಕೊಂಡು ಹೋಗುವುದು ಬಲವಿಲ್ಲದವರ ಹಳೆಯ ದಾರಿ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. 8ರಿಂದ 15 ಎಂಬ ಆ ಲೆಕ್ಕ ಓದಿದಾಗ ಪುಸ್ತಕ ಕೆಳಗಿಟ್ಟೆ. ನಮ್ಮಲ್ಲಿ ಅದು ಹೆಚ್ಚುಕಡಿಮೆ ಮೂರನೆಯ ತರಗತಿಯಿಂದ ಹತ್ತನೆಯ ತರಗತಿ. ಹತ್ತು ಮುಗಿಯಿತಲ್ಲ ಮೇಡಂ, ಇನ್ನು ಸಾಕು ಎಂದು ಮಗಳ ಟಿಸಿ ಕೇಳಲು ಬರುವ ತಂದೆತಾಯಿಯರನ್ನು ನಾನು ಈಗಲೂ ನೋಡುತ್ತೇನೆ. ಅವರು ಕಟುಕರಲ್ಲ. ಕಾಲೇಜು ದೂರ, ಬಸ್ಸಿಲ್ಲ, ಜನ ಏನಾದರೂ ಅಂದಾರು ಎಂಬ ಹೆದರಿಕೆ ಅವರ ಮುಖದಲ್ಲೇ ಕಾಣುತ್ತದೆ. ಮಗಳ ಮೇಲಿನ ಪ್ರೀತಿಯೂ ಅಲ್ಲೇ ಕಾಣುತ್ತದೆ. ಹೆದರಿಕೆ ಎಲ್ಲಿ ಮುಗಿದು ಪ್ರೀತಿ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ನನಗೆ ಆಗಿಲ್ಲ.

ಆ ಮುಖಗಳನ್ನು ನೆನೆದುಕೊಂಡು ಓದಿದರೆ ಬಾನ್ ಜಾವೋಳ ಪುಸ್ತಕ ನನಗೆ ಬೇರೆಯಾಗಿ ಕಾಣುತ್ತದೆ. ಆಕೆಯ ಅಜ್ಜಿ ಅರಮನೆಯ ಮೂಲೆಯಲ್ಲಿ ಕಳೆದುಹೋದವಳು. ಅಣ್ಣ ಸೆರೆಮನೆಯಲ್ಲಿ ಸತ್ತವನು. ಡೆಂಗ್‌ಗಿಂತ ಮೊದಲಿದ್ದ ಪಟ್ಟದರಾಣಿ ಯಿನ್ ಮಾಟ ಮಾಡಿಸಿದಳೆಂಬ ಆರೋಪದಿಂದ 102ರಲ್ಲಿ ಪಟ್ಟ ಕಳೆದುಕೊಂಡದ್ದು ಆಕೆಯ ಕಣ್ಣೆದುರಿನ ಸಂಗತಿ. ದೊಡ್ಡ ಮನೆಗಳು ಒಂದು ಮಾತಿಗೆ ಮುರಿದು ಬೀಳುವುದನ್ನು ಕಂಡ ತಾಯಿ, ತಾನು ಸತ್ತ ಮೇಲೆ ಮನೆಯ ಹುಡುಗಿಯರು ಗೊತ್ತಿಲ್ಲದ ಮನೆಗಳಲ್ಲಿ ಹೇಗೆ ಬಾಳಿಯಾರು ಎಂದು ಚಿಂತಿಸಿ, ಬದುಕಿ ಉಳಿಯುವ ಉಪಾಯ ಬರೆದಳು. ಮದುವೆಯ ಹೆಣ್ಣಿಗೆ ನಮ್ಮ ಮನೆಗಳಲ್ಲಿ ಹೊಂದಿಕೊಂಡು ಹೋಗು ಮಗಳೇ ಎನ್ನುವುದೂ ಇದೇ ಉಪಾಯ.

ತೊಂದರೆ ಆದದ್ದು ಮುಂದೆ. ಒಂದು ಮನೆಯ ಹುಡುಗಿಯರಿಗೆಂದು ಬರೆದ ಉಪಾಯವನ್ನು ನಂತರದವರು ಎಲ್ಲ ಹೆಣ್ಣುಮಕ್ಕಳ ಧರ್ಮ ಮಾಡಿದರು. ಮಾ ರೋಂಗ್ ತನ್ನ ಮನೆಯ ಹೆಂಗಸರಿಗೆ ಅದನ್ನು ಓದಿಸಿದ. ಹದಿನೇಳನೆಯ ಶತಮಾನದ ಹೊತ್ತಿಗೆ ಅದು ಹೆಣ್ಣುಮಕ್ಕಳ ನಾಲ್ಕು ಪಠ್ಯಗಳಲ್ಲಿ ಮೊದಲನೆಯದಾಗಿ ನಿಂತಿತು. ತಗ್ಗಿ ನಡೆಯುವ ಮಾತು ಮನೆಮನೆಗೆ ಹೋಯಿತು. ಹುಡುಗನಂತೆ ಹುಡುಗಿಯನ್ನೂ ಓದಿಸಿ ಎಂಬ ಮಾತು ಅಷ್ಟು ದೂರ ಹೋಗಲಿಲ್ಲ. 1907ರಲ್ಲಿ ಹೆ ಯಿನ್ ಜೆನ್ ಎಂಬ ಚೀನೀ ಲೇಖಕಿ ಹೆಣ್ಣುಕುಲಕ್ಕೆ ದ್ರೋಹ ಬಗೆದವಳೆಂದು ಬಾನ್ ಜಾವೋಳನ್ನು ಕಟುವಾಗಿ ಟೀಕಿಸಿದಳು. ಆ ಸಿಟ್ಟಿನಲ್ಲಿ ಸತ್ಯವಿದೆ. ಪುಸ್ತಕ ಬರೆದವಳ ಮನಸ್ಸು ಒಳ್ಳೆಯದಿತ್ತು ಎಂದಮಾತ್ರಕ್ಕೆ ಅದರ ಹೆಸರಿನಲ್ಲಿ ಬಾಯಿ ಮುಚ್ಚಿಸಲ್ಪಟ್ಟವರ ನೋವು ಕಡಿಮೆಯಾಗುವುದಿಲ್ಲ.

ಆ ಪುಸ್ತಕಕ್ಕೆ ಮೊದಲ ವಿರೋಧ ಬಂದದ್ದು ಮಾತ್ರ ಮನೆಯೊಳಗಿಂದಲೇ. ಗಂಡನ ತಂಗಿ ತ್ಸಾವೋ ಫೆಂಗ್‌ಶೆಂಗ್ ಸಹ ಪ್ರತಿಭಾವಂತೆ. ಅತ್ತಿಗೆಯ ಮಾತುಗಳನ್ನು ಒಪ್ಪದೆ ಆಕೆ ಒಂದು ಪತ್ರ ಬರೆದಳು, ಅದು ಓದತಕ್ಕ ಬರಹವಾಗಿತ್ತು ಎಂದು ಹಳೆಯ ಇತಿಹಾಸ ದಾಖಲಿಸಿದೆ. ಪತ್ರ ಮಾತ್ರ ಉಳಿದಿಲ್ಲ. ನಾದಿನಿಯ ಮನಸ್ಸು ಗೆಲ್ಲುವುದು ಹೇಗೆಂದು ಕೊನೆಯ ಅಧ್ಯಾಯ ಬರೆದವಳಿಗೆ ನಾದಿನಿಯೇ ಎದುರುತ್ತರ ಕೊಟ್ಟಳು! ತಗ್ಗಬೇಕೆಂಬ ಮಾತು ಉಳಿಯಿತು, ತಗ್ಗಲಾರೆ ಎಂಬ ಮಾತು ಕಳೆದುಹೋಯಿತು. ಯಾವುದನ್ನು ಕಾಪಾಡಬೇಕೆಂದು ಆರಿಸುವ ಕೈ ಯಾರದ್ದೆಂದು ಇದರಿಂದ ತಿಳಿಯುತ್ತದೆ.

ಓದಿಸಿ ಎಂಬ ಮಾತು ಪೂರ್ತಿ ವ್ಯರ್ಥವಾಗಲಿಲ್ಲ. ಕ್ರಿ.ಶ. 119ರಲ್ಲಿ ಶಿಷ್ಯೆ ಡೆಂಗ್ ಸುಯ್ ಅರಸುಮನೆತನದ 40ಕ್ಕೂ ಹೆಚ್ಚು ಮಕ್ಕಳನ್ನು, ತನ್ನ ತವರಿನ 30ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿ ಶಾಲೆ ತೆರೆದಳು. ಅರಸುಮಕ್ಕಳಲ್ಲಿ 5 ವರ್ಷ ದಾಟಿದ ಹುಡುಗರೂ ಇದ್ದರು, ಹುಡುಗಿಯರೂ ಇದ್ದರು. ಪರೀಕ್ಷೆಯನ್ನು ರಾಣಿ ತಾನೇ ತೆಗೆದುಕೊಳ್ಳುತ್ತಿದ್ದಳು. ದೊಡ್ಡಮನೆಯ ಮಕ್ಕಳಷ್ಟೇ, ನಿಜ. ಆದರೂ ಗುರು ಬರೆದಿಟ್ಟ ಒಂದು ಸಾಲಿಗೆ ಶಿಷ್ಯೆ ಗೋಡೆ, ಬಾಗಿಲು ಕಟ್ಟಿಸಿದ ಹಾಗಾಯಿತು.

ಬಾನ್ ಜಾವೋ 70 ದಾಟಿದ ಮೇಲೆ ತೀರಿಕೊಂಡಳು. ರಾಜ್ಯ ಆಳುತ್ತಿದ್ದ ರಾಣಿ ಗುರುವಿಗಾಗಿ ಶೋಕದ ಬಿಳಿ ಬಟ್ಟೆ ಉಟ್ಟಳು. ಆಕೆಯ ಸೇವೆಗೆ ಸಂದ ಬಿರುದು ಮಾತ್ರ ಹೋಗಿದ್ದು ಮಗನಿಗೆ. ತಾಯಿಯ ದುಡಿಮೆಗಾಗಿ ಮಗನನ್ನು ಸಾಮಂತನನ್ನಾಗಿ ಮಾಡಿದರು.

ಈಗ ಹಿರಿಯರ ಪ್ರಶ್ನೆಯ ಇನ್ನೊಂದು ತುದಿಗೆ ಬರುತ್ತೇನೆ. ಬುದ್ಧನ ಹೆಸರು ಚೀನಾದ ಅರಮನೆಯ ಕಾಗದಪತ್ರಗಳಲ್ಲಿ ಕಾಣಿಸಿಕೊಂಡದ್ದು ಕ್ರಿ.ಶ. 65ರಲ್ಲಿ, ಬಾನ್ ಜಾವೋ ಇನ್ನೂ ಎಳೆಯ ಪ್ರಾಯದವಳಾಗಿದ್ದಾಗ. ಧಮ್ಮ ನಡೆದು ಬಂದದ್ದು ಖೋತಾನ್, ಕುಚಾ ಮೊದಲಾದ ಊರುಗಳನ್ನು ಹಾದುಬರುವ ದಾರಿಯಲ್ಲಿ. ಆಕೆಯ ಅಣ್ಣ 30 ವರ್ಷ ಕಾದದ್ದು ಅದೇ ದಾರಿಯನ್ನು. ಆಕೆಯ ಸೋದರಳಿಯ ಬಾನ್ ಯೋಂಗ್ ಭಾರತದ ಜನ ಬುದ್ಧನನ್ನು ಆರಾಧಿಸುತ್ತಾರೆ, ಕೊಲ್ಲುವುದಿಲ್ಲ ಎಂದು ತನ್ನ ವರದಿಯಲ್ಲಿ ಬರೆದ. ನಮ್ಮ ಕಡೆಯ ಸುದ್ದಿ ಆ ಮನೆತನದ ಬಾಗಿಲವರೆಗೆ ಬಂದಿತ್ತು.

ಮತ್ತೆ ಎರಡು ಶತಮಾನಗಳಾದ ಮೇಲೆ ಜಿಂಗ್‌ಜಿಯಾನ್ ಎಂಬಾಕೆ ಚೀನಾದ ಮೊದಲ ಭಿಕ್ಷುಣಿಯಾದಳು. ಆಕೆಯೂ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಸಿರಿವಂತರ ಮಕ್ಕಳಿಗೆ ಓದು ಮತ್ತು ವಾದ್ಯ ಕಲಿಸಿ ಹೊಟ್ಟೆ ಹೊರೆದವಳು. ಧಮ್ಮದ ಮಾತು ಕಿವಿಗೆ ಬಿದ್ದಾಗ ಗ್ರಂಥಗಳನ್ನು ಎರವಲು ತಂದು ತಾನೇ ಓದಿ ಅರ್ಥಮಾಡಿಕೊಂಡಳು, ಆಮೇಲೆ ಹೆಂಗಸರಿಗೆ ಸಂಘವಿದೆಯೇ ಎಂದು ಭಿಕ್ಷುವನ್ನು ಕೇಳಿದಳು. ಅಕ್ಷರ ಗೊತ್ತಿದ್ದ ಕಾರಣ ಆ ಪ್ರಶ್ನೆ ಕೇಳುವುದು ಆಕೆಗೆ ಸಾಧ್ಯವಾಯಿತು. ಆರನೆಯ ಶತಮಾನದಲ್ಲಿ ಬಾವೋಚಾಂಗ್ ಎಂಬ ಭಿಕ್ಷು ಬರೆದ ಚೀನೀ ಭಿಕ್ಷುಣಿಯರ ಚರಿತ್ರೆಯಲ್ಲಿ 65 ಜನರ ಬದುಕಿದೆ. ಓದಿದವರು, ಬೋಧಿಸಿದವರು ಅವರಲ್ಲಿ ಬಹಳ.

ಗುರು ಹೇಳಿದರೆಂದು, ಗ್ರಂಥದಲ್ಲಿದೆಯೆಂದು ಒಂದು ಮಾತನ್ನು ಒಪ್ಪಬೇಡಿ, ಅದರಿಂದ ಹಿತವೋ ಅಹಿತವೋ ನೋಡಿ ತಿಳಿಯಿರಿ ಎಂದು ಬುದ್ಧ ಕಾಲಾಮರಿಗೆ ತಿಳಿಹೇಳಿದ್ದನ್ನು ನಾವು ಓದಿದ್ದೇವೆ. ಬಾನ್ ಜಾವೋಳನ್ನೂ ಹಾಗೆಯೇ ಓದೋಣ. ಆಕೆಯನ್ನು ಪೂಜಿಸುವುದೂ ಬೇಡ, ಕಲ್ಲು ಹೊಡೆಯುವುದೂ ಬೇಡ. ಇವತ್ತು ಮಗಳಿಗೋ ಸೊಸೆಗೋ ಶಿಷ್ಯೆಗೋ ಒಂದು ಬುದ್ಧಿಮಾತು ಹೇಳುವ ಮುಂಚೆ ಒಂದು ಗಳಿಗೆ ನಿಂತು ನೋಡಿಕೊಳ್ಳೋಣ: ಈ ಮಾತು ಅವಳ ಹಿತಕ್ಕೆ ಹೊರಡುತ್ತಿದೆಯೋ, ನಮ್ಮ ಹೆದರಿಕೆಯಿಂದ ಹೊರಡುತ್ತಿದೆಯೋ?

ಒಂದು ಸಂಗತಿ ಉಳಿಯಿತು. ಬಾನ್ ಜಾವೋ ತೀರಿಕೊಂಡ ಮೇಲೆ ಆಕೆಯ ಬರಹಗಳನ್ನೆಲ್ಲ ಹುಡುಕಿ ಒಟ್ಟುಮಾಡಿದವಳು ಆಕೆಯ ಸೊಸೆ, ಡಿಂಗ್ ಮನೆತನದ ಹೆಣ್ಣು. ಆ ಸೊಸೆಗೆ ಓದು ಬರುತ್ತಿತ್ತು.

ಸರ್ವರಿಗೂ ಮಂಗಳವಾಗಲಿ.